ಬೈಂಡಿಂಗಿಗೆ ನಾಲ್ಕು ಸ್ಟಾರ್, ಯೆಹೋಶುವನ 16 ಪುಟಕ್ಕೆ ಒಂದು ಕಟ್

ಕಾಸರಗೋಡು ಪೇಟೆಯಲ್ಲಿ ಹಳೇ ಪುಸ್ತಕ ಸರಿಯಾಗಿ ದಾರ ಹಾಕಿ ಹೊಲಿದು ಬೈಂಡ್ ಮಾಡಿ ಕೊಡುವವರು ಯಾರಾದ್ರೂ ಉಂಟಾ ಅಂತ ನಾನು ಆರು ತಿಂಗಳು ಹುಡುಕಿದ್ದೆ, ಹಾಗಾಗಿ ಸಿಕ್ಕಿದ ಮೇಲೆ ನಾಲ್ಕು ಜನಕ್ಕೆ ಉಪಕಾರ ಆಗ್ಲಿ ಅಂತ ಈ ರಿವ್ಯೂ. ಡಿಟಿಪಿ ಸೆಂಟರಿನವರ ಹತ್ರ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ, ಸ್ಪೈರಲ್ ಹಾಕಿ ಕೊಡ್ತೇವೆ ಸರ್ ಅಂತ. ಬೈಬಲಿಗೆ ಸ್ಪೈರಲ್ ಹಾಕಿಸಿದ್ರೆ ಅಮ್ಮ ನನ್ನನ್ನು ಮನೆಯೊಳಗೆ ಬಿಡ್ಲಿಕ್ಕಿಲ್ಲ ಮಾರಾಯ್ರೆ. ಈ ಅಂಗಡಿಗೆ ಬೋರ್ಡ್ ಇಲ್ಲ, ಹೆಸರು ನಾನೂ ಹಾಕುವುದಿಲ್ಲ, ಹಳೇ ಬಸ್‌ಸ್ಟ್ಯಾಂಡಿನ ಆಸುಪಾಸಲ್ಲಿ ಒಂದು ಮಾಳಿಗೆ ಮೇಲೆ ವಯಸ್ಸಾದ ಒಬ್ಬರು ಕಾಕ ಒಬ್ಬರೇ ಕೂತು ಮಾಡ್ತಾರೆ. ಹೆಚ್ಚು ಬರುವುದು ಸೊಸೈಟಿಯ ಲೆಜ್ಜರ್, ಮದ್ರಸದ ಕಿತಾಬು, ಅಪರೂಪಕ್ಕೆ ಯಾರದ್ದಾದ್ರೂ ಮನೆಯ ಹಳೇ ಪಂಚಾಂಗ, ಪ್ರಸಂಗ ಪುಸ್ತಕ. ಮಲಯಾಳ, ಕನ್ನಡ, ತುಳು, ಬ್ಯಾರಿ ಎಲ್ಲ ಮಾತಾಡ್ತಾರೆ, ನಮ್ಮಲ್ಲಿ ಅದೇನು ದೊಡ್ಡ ವಿಷಯ ಅಲ್ಲ ಬಿಡಿ.

ನಾನು ಕೊಟ್ಟದ್ದು ಎರಡು ಬೈಬಲ್. ಒಂದು ಅಪ್ಪನದ್ದು, ಕಥೋಲಿಕರ ಬೈಬಲ್. ನಾವು ಬೇಳ ಇಗರ್ಜಿಯ ಕಡೆಯವರು, ಮನೇಲಿ ಕೊಂಕಣಿ, ಆದ್ರೆ ಅಪ್ಪ ಶಾಲೆ ಕಲ್ತದ್ದು ಕನ್ನಡದಲ್ಲಿ, ಓದ್ಲಿಕ್ಕೆ ಅವರಿಗೆ ಕನ್ನಡವೇ ಆಗ್ಬೇಕು. ಇನ್ನೊಂದು ನನ್ನ ಅಕ್ಕನ ಗಂಡನದ್ದು, ಅವರ ಅಜ್ಜನ ಕಾಲದ ಸತ್ಯವೇದ, ಅಂದ್ರೆ ಪ್ರೊಟೆಸ್ಟೆಂಟರ ಕನ್ನಡ ಬೈಬಲ್. ಭಾವನ ಅಜ್ಜ ಮಂಗಳೂರಿನ ಬಾಸೆಲ್ ಮಿಶನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಭಾವ ಮಾತ್ರ ಆ ಹಳೇ ಸಭೆ ಬಿಟ್ಟು ಈಗ ಒಂದು ಹೊಸ ಪ್ರಾರ್ಥನಾ ಕೂಟಕ್ಕೆ ಹೋಗ್ತಾರೆ, ಅಲ್ಲಿ ಬೈಬಲಿನ ಒಂದು ಚುಕ್ಕೆಯಲ್ಲೂ ತಪ್ಪಿಲ್ಲ, ಬರೆದದ್ದು ಬರೆದ ಹಾಗೇ ಅಂತ ಹೇಳ್ತಾರೆ. ಅವರ ಅಣ್ಣ ಇನ್ನೂ ಹಳೇ ಸಭೆಯಲ್ಲೇ ಇದ್ದಾರೆ, ಅವರಿಗೆ ಇಷ್ಟೆಲ್ಲ ಬಿಗಿ ಇಲ್ಲ, ಅಂದ್ರೆ ಪ್ರೊಟೆಸ್ಟೆಂಟರು ಅಂದ ಕೂಡ್ಲೆ ಎಲ್ಲರೂ ಭಾವನ ಹಾಗೆ ಅಂತ ತಿಳ್ಕೊಳ್ಬೇಡಿ. ಅಪ್ಪನ ಪುಸ್ತಕಕ್ಕೆ ಮಳೆಗಾಲದ ಬೂಸರು, ಭಾವನದ್ದಕ್ಕೆ ಗೆದ್ದಲು ಬೆನ್ನಿನ ಬಟ್ಟೆ ಪೂರಾ ತಿಂದು ಪುಟದ ಕಟ್ಟುಗಳೆಲ್ಲ ಬಿಡಿಬಿಡಿ.

ಕಾಕ ಎರಡನ್ನೂ ಎರಡು ಕೈಲಿ ಹಿಡಿದು ತೂಗಿ ನೋಡಿ ಮೊದಲು ಕೇಳಿದ್ದೇ ಇದು, "ಎರಡೂ ಒಂದೇ ಕಿತಾಬು ಅಲ್ವಾ, ಇದೊಂದು ಯಾಕೆ ದಪ್ಪ?" ರೇಟ್ ಕೇಳ್ಲಿಕ್ಕೆ ಹೋದವ ನಾನು, ಅರ್ಧ ಗಂಟೆ ಪಾಠ ಮಾಡಿ ಬಂದೆ. ನಮ್ಮದ್ರಲ್ಲಿ 73 ಪುಸ್ತಕ, ಅವರದ್ರಲ್ಲಿ 66. ಹೊಸ ಒಡಂಬಡಿಕೆ ಇಬ್ಬರಿಗೂ 27, ಅದ್ರಲ್ಲಿ ಜಗಳ ಇಲ್ಲ. ಹಳೇದ್ರಲ್ಲಿ ತೋಬಿತ, ಯೂದಿತ, ಮಕ್ಕಬಿಯರು ಎರಡು, ಜ್ಞಾನಗ್ರಂಥ, ಸಿರಾಖ, ಬಾರೂಕ ಅಂತ ಏಳು ಪುಸ್ತಕ ಹೆಚ್ಚು, ಎಸ್ತೇರ ಮತ್ತು ದಾನಿಯೇಲದಲ್ಲೂ ಸ್ವಲ್ಪ ಹೆಚ್ಚು ಭಾಗ. ನಮ್ಮ ಕಥೋಲಿಕರ ಟ್ರೆಂಟ್ ಮಹಾಸಭೆ 1546ರಲ್ಲಿ ಇಷ್ಟೂ ದೇವರ ವಾಕ್ಯವೇ ಅಂತ ಠರಾವು ಮಾಡಿತು. ಪ್ರೊಟೆಸ್ಟೆಂಟ್ ಪಂಥ ಸುರು ಮಾಡಿದ ಲೂಥರ್ 1534ರ ತನ್ನ ಜರ್ಮನ್ ಬೈಬಲಲ್ಲಿ ಇವನ್ನು ತೆಗೆದು ಬಿಸಾಡಿರಲಿಲ್ಲ, ಹಳೇ ಒಡಂಬಡಿಕೆ ಮುಗಿದ ಮೇಲೆ ಬೇರೆಯೇ ಇಟ್ಟು, ವೇದಕ್ಕೆ ಸಮ ಅಲ್ಲ ಆದ್ರೆ ಓದ್ಲಿಕ್ಕೆ ಒಳ್ಳೇದು ಅಂತ ಬರೆದಿದ್ದ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಲ್ಲೂ ಇದ್ವು. ಪೂರಾ ಮಾಯ ಆಗ್ಲಿಕ್ಕೆ ಒಂದು ದೊಡ್ಡ ಕಾರಣ 1826ರಲ್ಲಿ ಲಂಡನಿನ ಬೈಬಲ್ ಸೊಸೈಟಿ ಈ ಭಾಗ ಪ್ರಿಂಟ್ ಮಾಡ್ಲಿಕ್ಕೆ ನಮ್ಮ ಹಣ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದ್ದು. ಕಾಕನಿಗೆ ಈ ಕೊನೇ ವಿಷಯ ಮಾತ್ರ ಬಹಳ ಸರಿ ಕಂಡಿತು. "ಪೇಪರಿಗೆ ದುಡ್ಡು ಯಾರು ಕೊಡ್ತಾರೆ ಅಂತ ನೋಡ್ಬೇಕು ಯಾವಾಗ್ಲೂ" ಅಂದ್ರು.

ರೇಟಿನ ವಿಷಯ. ದಪ್ಪದ್ದಕ್ಕೆ 450, ಇನ್ನೊಂದಕ್ಕೆ 400, ಚೌಕಾಸಿಗೆ ಒಪ್ಪಲಿಲ್ಲ. ಎರಡು ವಾರ ಅಂದದ್ದು ಐದು ವಾರ ಆಯ್ತು, ಮಧ್ಯದಲ್ಲಿ ನಾಲ್ಕು ಸಲ ಹೋಗಿದ್ದೇನೆ, ಫೋನ್ ಮಾಡಿದ್ರೆ ಎತ್ತುವುದಿಲ್ಲ. ಆದ್ರೆ ಕೆಲಸ ನೋಡ್ಬೇಕು. ಕಟ್ಟುಗಳನ್ನು ಒಂದೊಂದೇ ಬಿಚ್ಚಿ, ಹರಿದ ಮಡಿಕೆಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಹಾಕಿ, ಒಳ್ಳೆ ಗಟ್ಟಿ ರಟ್ಟು. ಗೋಂದು ಅಂಗಡಿಯದ್ದಲ್ಲ, ಮೈದಾ ಕಾಯಿಸಿ ಅದಕ್ಕೆ ಮೈಲುತುತ್ತು ಹಾಕ್ತಾರೆ, ಅಡಿಕೆಗೆ ಬೋರ್ಡೋ ದ್ರಾವಣ ಬಿಡುವವರಿಗೆ ಆ ನೀಲಿ ಗೊತ್ತುಂಟು, ಹುಳ ಹತ್ರ ಬರುವುದಿಲ್ಲ. ಪುಸ್ತಕ ಮೇಜಿನ ಮೇಲೆ ಬಿಡಿಸಿಟ್ರೆ ಪೂರಾ ಚಪ್ಪಟೆ ಮಲಗ್ತದೆ, ಅದು ಹೊಲಿಗೆಯ ಗುಣ, ಬರೀ ಅಂಟಿಸಿದ್ರೆ ಹಾಗೆ ಬರುವುದಿಲ್ಲ. ಇನ್ನೊಂದು ನಾನು ಗಮನಿಸಿದ್ದು, ಐದು ವಾರವೂ ಎರಡು ಪುಸ್ತಕದ ಬಿಡಿ ಪುಟಗಳು ಒಂದು ಶುದ್ಧ ಬಟ್ಟೆಯಲ್ಲಿ ಸುತ್ತಿ ಮೇಲಿನ ಅಟ್ಟದಲ್ಲೇ ಇದ್ವು, ಲೆಜ್ಜರುಗಳೆಲ್ಲ ನೆಲದಲ್ಲಿ. ಯಾರ ಕಿತಾಬು ಆದ್ರೂ ಕಾಲಿನ ಹತ್ರ ಇಡುವುದಿಲ್ಲವಂತೆ.

ಈಗ ಸ್ಟಾರ್ ಕಟ್ ಆದ ಕತೆ. ಭಾವ ಪುಸ್ತಕ ತಗೊಂಡು ಹೋಗಿ ಅವತ್ತೇ ಸಂಜೆ ಪ್ರಾರ್ಥನೆಗೆ ಕೂತಿದ್ದಾರೆ, ನ್ಯಾಯಸ್ಥಾಪಕರು ಓದ್ತಾ ಸಂಸೋನನ ಕತೆ ಬಂದಿದೆ, ಪುಟ ತಿರುಗಿಸಿದ್ರೆ ಸಂಸೋನ ಇಲ್ಲ, ಯೆಹೋಶುವ ಬಂದು ಸೂರ್ಯನನ್ನು ಗಿಬ್ಯೋನಿನ ಮೇಲೆ ನಿಲ್ಲು ಅಂತ ಹೇಳ್ತಿದ್ದಾನೆ. 16 ಪುಟದ ಒಂದು ಕಟ್ಟು ಪೂರಾ ಆಚೆ ಹೋಗಿ ಹೊಲಿದು ಆಗಿದೆ. ಅಕ್ಕ ಫೋನಲ್ಲಿ ನಗಾಡಿದ್ದು ನನಗೆ ಈಗಲೂ ಕೇಳ್ತದೆ. ಮರುದಿನ ನಾನೂ ಭಾವನೂ ಒಟ್ಟಿಗೆ ಅಂಗಡಿಗೆ ಹೋದದ್ದು, ಅಲ್ಲಿಂದ ಸುರು ಆದದ್ದು ನೋಡಿ.

ನಾನು ಸುಮ್ಮನೆ ಇರ್ಬಹುದಿತ್ತು. ಆದ್ರೆ ಬಾಯಿ. "ಭಾವ, ಒಂದು ಚುಕ್ಕೆಯೂ ತಪ್ಪಿಲ್ಲದ ಪುಸ್ತಕದಲ್ಲಿ 16 ಪುಟ ತಪ್ಪು ಬಂತಲ್ಲ" ಅಂದೆ.

ಭಾವ ಬೇಜಾರು ಮಾಡ್ಕೊಳ್ಳಲೇ ಇಲ್ಲ, ಅವರಿಗೆ ಇದೇ ಬೇಕಿತ್ತು. "ಹೊಲಿದವ ತಪ್ಪಿದ್ರೆ ಬರೆದವನದ್ದು ತಪ್ಪು ಹೇಗೆ ಆಗ್ತದೆ ಭಾವ? ನಾವು ಹೇಳುವುದೂ ಅದೇ" ಅಂದ್ರು. 1978ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಇನ್ನೂರಕ್ಕಿಂತ ಹೆಚ್ಚು ಇವಾಂಜೆಲಿಕಲ್, ಅಂದ್ರೆ ಭಾವನ ಕೂಟದಂಥ ಪ್ರೊಟೆಸ್ಟೆಂಟ್ ಮುಖಂಡರು ಸೇರಿ ಬೈಬಲಿನ ದೋಷರಹಿತತೆ ಬಗ್ಗೆ 19 ಕಲಮಿನ ಒಂದು ಹೇಳಿಕೆ ಮಾಡಿದ್ದಾರೆ, ಭಾವನ ಮೊಬೈಲಲ್ಲಿ ಅದರ ಪಿಡಿಎಫ್ ಯಾವಾಗ್ಲೂ ಉಂಟು. ಅದ್ರ ಹತ್ತನೇ ಕಲಮು ಹೇಳುವುದು ದೇವಪ್ರೇರಣೆ ಖಡಾಖಂಡಿತ ಇರುವುದು ಮೊದಲು ಕೈಯಲ್ಲಿ ಬರೆದ ಮೂಲಪ್ರತಿಗೆ, ಆಮೇಲೆ ನಕಲು ಮಾಡಿದವರು ಕೈ ತಪ್ಪಿದ್ರೆ ಅದು ಮೂಲದ ತಪ್ಪಲ್ಲ ಅಂತ. ನಾನು ಯೆಹೂದದ ಅರಸ ಅಹಜ್ಯನ ಕೇಸು ಎತ್ತಿದೆ. ಎರಡನೇ ಅರಸುಗಳು 8ರಲ್ಲಿ ಅವ ಪಟ್ಟಕ್ಕೆ ಬಂದಾಗ 22 ವರ್ಷ, ಎರಡನೇ ಪೂರ್ವಕಾಲವೃತ್ತಾಂತ 22ರಲ್ಲಿ ಹೀಬ್ರೂ ಪಾಠದ ಪ್ರಕಾರ 42 ವರ್ಷ, ಅವನ ಅಪ್ಪ ಸಾಯುವಾಗ 40. ಮಗ ಅಪ್ಪನಿಗಿಂತ ಎರಡು ವರ್ಷ ದೊಡ್ಡವ. "ಅದೇ ಭಾವ, ನಕಲು ಮಾಡಿದವ ಒಬ್ಬ ಕಾಕ" ಅಂದ್ರು ಭಾವ. ಕಾಕ ತಲೆ ಎತ್ತಿ ನೋಡಿದ್ರು. ಒಪ್ಪಬೇಕಾದ್ದನ್ನು ಒಪ್ಪಬೇಕು, ಆ ರೌಂಡು ಅವರದ್ದು. ಮೂಲಪ್ರತಿ ಒಂದಾದ್ರೂ ಈಗ ಯಾರ ಹತ್ರ ಉಂಟು ಅಂತ ಕೇಳಿದೆ, ಇಲ್ಲ ಅಂದ್ರು, ಆದ್ರೆ ಸಾವಿರಾರು ನಕಲು ಇರುವ ಕಾರಣ ಒಂದಕ್ಕೊಂದು ತಾಳೆ ನೋಡಿ ಎಲ್ಲಿ ತಪ್ಪಿದೆ ಅಂತ ಕಂಡುಹಿಡಿಯಬಹುದು ಅಂದ್ರು.

ಅಷ್ಟರಲ್ಲಿ ಕಾಕ ಕತ್ತರಿ ತಗೊಂಡು ಹೊಲಿಗೆ ಬಿಚ್ಚಿ, ಕನ್ನಡ ಅಂಕೆ ನೋಡಿ ಕಟ್ಟನ್ನು ಸ್ವಸ್ಥಾನಕ್ಕೆ ತಂದಿಟ್ರು. ನಾನು ಬಿಡ್ತೇನಾ. "ನೋಡಿ ಭಾವ, ಯಾವ ಪುಟ ಎಲ್ಲಿಗೆ ಅಂತ ಪುಸ್ತಕ ತಾನಾಗಿ ಹೇಳಲಿಲ್ಲ, ಸರಿ ಮಾಡ್ಲಿಕ್ಕೆ ಗೊತ್ತಿರುವವ ಒಬ್ಬ ಬೇಕಾಯ್ತು. ಹಾಗೇ ಯಾವ ಪುಸ್ತಕ ಬೈಬಲಿನ ಒಳಗೆ ಯಾವುದು ಹೊರಗೆ ಅಂತ ಹೇಳುವ ಪಟ್ಟಿ ಬೈಬಲಿನ ಒಳಗೆ ಎಲ್ಲಿಯೂ ಇಲ್ಲ, ಧರ್ಮಸಭೆ ಹೇಳಿದ್ದು." ಭಾವ ಹೇಳಿದ್ರು, ಪುಟ ಸಂಖ್ಯೆ ಪುಸ್ತಕದ ಒಳಗೇ ಉಂಟಲ್ಲ, ವೇದಕ್ಕೆ ವೇದವೇ ಅರ್ಥ ಹೇಳ್ತದೆ. ನಾನು ಹೇಳಿದೆ, ಆ ಸಂಖ್ಯೆ ಹಾಕಿದ್ದು ಪ್ರೆಸ್ಸಿನವ, ಮೋಶೆಯಲ್ಲ, ಅಧ್ಯಾಯ ಮಾಡಿದ್ದು 13ನೇ ಶತಮಾನದ ಲ್ಯಾಂಗ್ಟನ್ ಬಿಷಪರು, ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು 1551ರಲ್ಲಿ ಎಸ್ಟಿಯೆನ್ ಅನ್ನುವ ಒಬ್ಬ ಮುದ್ರಕ. ಕಾಕ ಅಂದ್ರು, "ಯಾರು ಹಾಕಿದ್ರೂ ಸರಿ, ಹಾಕಿದ್ದು ಉಪಕಾರ ಆಯ್ತು, ಇಲ್ಲದಿದ್ರೆ ನಾನು ಇವತ್ತು ಮನೆಗೆ ಹೋಗ್ತಿರಲಿಲ್ಲ."

ಸೂರ್ಯ ನಿಂತ ಪುಟ ಕಣ್ಣೆದುರೇ ಇದ್ದ ಕಾರಣ ಗೆಲಿಲಿಯೋ ಬರಲೇಬೇಕಿತ್ತು, ಇದು ನಮಗೆ ನಾಚಿಕೆಯ ವಿಷಯ, ಭಾವನೂ ಬಿಡಲಿಲ್ಲ. ಈಗ ಕಥೋಲಿಕರು ಅಕ್ಷರಕ್ಕೆ ಅಂಟಿಕೊಳ್ಳಬಾರದು ಅಂತ ಉಪದೇಶ ಮಾಡ್ತೀರಿ, 1633ರಲ್ಲಿ ಈ ಪುಟವನ್ನೂ ಇಂಥ ಇನ್ನೊಂದೆರಡು ವಚನವನ್ನೂ ಹಿಡ್ಕೊಂಡು ತಿರುಗುವುದು ಭೂಮಿ, ಸೂರ್ಯ ಅಲ್ಲ ಅಂದ ಆ ಮುದುಕನನ್ನು ಮನೆಯಲ್ಲಿ ಕೂಡಿ ಹಾಕಿದ್ದು ಯಾರು ಅಂತ. ನಮ್ಮವರೇ. ತಪ್ಪಾಯ್ತು ಅಂತ ಎರಡನೇ ಜಾನ್ ಪಾಲ್ ಪೋಪರು ಬಾಯಿ ಬಿಟ್ಟು ಹೇಳುವಾಗ 1992. ವಿಚಿತ್ರ ಏನಂದ್ರೆ ಸರಿಯಾದ ಉತ್ತರ ಅವತ್ತೇ ನಮ್ಮೊಳಗೇ ಇತ್ತು. 1615ರಲ್ಲಿ ಗೆಲಿಲಿಯೋ ಬರೆದ ಪತ್ರದಲ್ಲಿ ಒಬ್ಬ ಕಾರ್ಡಿನಲರ ಮಾತು ಉಂಟು, ಪವಿತ್ರಾತ್ಮ ಕಲಿಸುವುದು ಸ್ವರ್ಗಕ್ಕೆ ಹೋಗುವ ದಾರಿಯನ್ನು, ಆಕಾಶ ತಿರುಗುವ ಕ್ರಮವನ್ನಲ್ಲ ಅಂತ. ಅದಕ್ಕಿಂತ ಸಾವಿರದ ಇನ್ನೂರು ವರ್ಷ ಮೊದಲೇ ಸಂತ ಅಗುಸ್ತಿನರು ಆದಿಕಾಂಡದಲ್ಲಿ ದೇವರು ಲೋಕ ಸೃಷ್ಟಿ ಮಾಡಿದ ಆರು ದಿನ ಅಂದ್ರೆ ನಮ್ಮ ಇಪ್ಪತ್ನಾಲ್ಕು ಗಂಟೆಯ ದಿನ ಆಗ್ಬೇಕಂತಿಲ್ಲ ಅಂತ ಬರೆದಿದ್ರು. ಇದ್ದದ್ದನ್ನು ಮರೆತದ್ದು ನಾವು.

ಆದ್ರೆ ಒಂದು ವಿಷಯ ಭಾವನ ಕೂಟದವರೂ ತಪ್ಪು ತಿಳ್ಕೊಂಡಿದ್ದಾರೆ, ನಮ್ಮ ಇಗರ್ಜಿಯ ಯುವಕರೂ ತಪ್ಪು ತಿಳ್ಕೊಂಡಿದ್ದಾರೆ, ಕಥೋಲಿಕರು ಬೈಬಲಲ್ಲಿ ತಪ್ಪು ಉಂಟು ಅಂತ ಒಪ್ತಾರೆ ಅಂತ. ಇಲ್ಲ. 13ನೇ ಲಿಯೋ ಪೋಪರ 1893ರ ಪತ್ರ ಓದಿದ್ರೆ ಭಾವನ ಪಿಡಿಎಫಿನಷ್ಟೇ ಬಿಗಿ. 1943ರಲ್ಲಿ 12ನೇ ಪಿಯುಸ್ ಪೋಪರು ಬರೆದವರ ಕಾಲದ ಬರವಣಿಗೆಯ ರೀತಿ ಯಾವುದು ಅಂತ ಹುಡುಕಿ ಓದಿ ಅಂತ ಹೇಳಿದ್ರು, ಅಂದ್ರೆ ಕಾವ್ಯವನ್ನು ಕಾವ್ಯದ ಹಾಗೆ, ಚರಿತ್ರೆಯನ್ನು ಚರಿತ್ರೆಯ ಹಾಗೆ. 1965ರ ನವೆಂಬರ್ 18ಕ್ಕೆ ಎರಡನೇ ವ್ಯಾಟಿಕನ್ ಮಹಾಸಭೆಯ ದೇಯಿ ವೆರ್ಬುಮ್ ಅನ್ನುವ ದಸ್ತಾವೇಜು ಬಂತು, ಅದ್ರ 11ನೇ ಭಾಗದಲ್ಲಿ ಇರುವುದು, ನಮ್ಮ ರಕ್ಷಣೆಗೋಸ್ಕರ ದೇವರು ಬರೆಸಲು ಇಚ್ಛಿಸಿದ ಸತ್ಯವನ್ನು ಈ ಪುಸ್ತಕಗಳು ತಪ್ಪಿಲ್ಲದೆ ಕಲಿಸ್ತವೆ ಅಂತ. ಈಗ ಈ ರಕ್ಷಣೆಗೋಸ್ಕರ ಅನ್ನುವ ಒಂದು ಮಾತು ಉಂಟಲ್ಲ, ಅದೇ ಇಡೀ ಜಗಳದ ಹೊಲಿಗೆ. ರಕ್ಷಣೆಯ ವಿಷಯದಲ್ಲಿ ಮಾತ್ರ ತಪ್ಪಿಲ್ಲ ಅಂತ ಅರ್ಥವಾ, ಅಥವಾ ಎಲ್ಲದ್ರಲ್ಲೂ ತಪ್ಪಿಲ್ಲ ಆದ್ರೆ ಬರೆಸಿದ ಉದ್ದೇಶ ರಕ್ಷಣೆ ಅಂತ ಅರ್ಥವಾ, ನಮ್ಮ ಪಂಡಿತರೊಳಗೇ ಇವತ್ತಿಗೂ ಒಮ್ಮತ ಇಲ್ಲ. ಶಿಕಾಗೋದ ಹೇಳಿಕೆಯ 12ನೇ ಕಲಮು ಮಾತ್ರ ಸ್ಪಷ್ಟ, ಧಾರ್ಮಿಕ ವಿಷಯಕ್ಕೆ ಮಾತ್ರ ಸೀಮಿತ ಮಾಡ್ಬೇಡಿ, ಚರಿತ್ರೆ ವಿಜ್ಞಾನದಲ್ಲೂ ತಪ್ಪಿಲ್ಲ, ಸೃಷ್ಟಿ ಮತ್ತು ಜಲಪ್ರಳಯದ ಬಗ್ಗೆ ಬೈಬಲ್ ಹೇಳಿದ್ದನ್ನು ವಿಜ್ಞಾನದ ಊಹೆಗಳಿಂದ ತಿರುಗಿಸ್ಲಿಕ್ಕೆ ಆಗುವುದಿಲ್ಲ ಅಂತ.

ಅದಕ್ಕೆ ನಾನು ಸೊಲೊಮೋನನ ಎರಕದ ಕಡಲು, ಅಂದ್ರೆ ದೇವಾಲಯದ ದೊಡ್ಡ ಲೋಹದ ನೀರಿನ ತೊಟ್ಟಿಯ ವಿಷಯ ತೆಗೆದೆ, ಒಂದನೇ ಅರಸುಗಳು 7, ಅಡ್ಡಳತೆ 10 ಮೊಳ ಸುತ್ತಳತೆ 30 ಮೊಳ. ಲೆಕ್ಕ ಮಾಡಿದ್ರೆ 31 ಚಿಲ್ಲರೆ ಬರಬೇಕು. ಕಾಕ ಇದಕ್ಕೆ ನನಗೇ ಬೈದ್ರು, ರಟ್ಟಿನ ಅಳತೆ ಹೇಳುವಾಗ ಯಾರಾದ್ರೂ ಪಾಯಿಂಟ್ ಹೇಳ್ತಾರಾ, ಮೂರು ಪಾಲು ಅಂದ್ರೆ ಮೂರು ಪಾಲು. ಭಾವನಿಗೆ ಖುಷಿಯೋ ಖುಷಿ, 13ನೇ ಕಲಮಿನಲ್ಲೂ ಅದೇ ಇರುವುದಂತೆ, ಒಟ್ಟು ಸಂಖ್ಯೆ ಹೇಳಿದ್ದು, ಕಣ್ಣಿಗೆ ಕಂಡ ಹಾಗೆ ವರ್ಣನೆ ಮಾಡಿದ್ದು ತಪ್ಪಲ್ಲ, ನಾವೂ ಸೂರ್ಯ ಹುಟ್ಟಿದ ಅಂತಲೇ ಹೇಳ್ತೇವಲ್ಲ ಅಂತ. ಹಾಗಾದ್ರೆ ಭಾವ, ಸೂರ್ಯ ಹುಟ್ಟಿದ್ದು ಕಣ್ಣಿಗೆ ಕಂಡ ಹಾಗೆ, ಆರು ದಿನ ಮಾತ್ರ ಗಡಿಯಾರ ಹಿಡಿದು ಬರೆದದ್ದಾ? ಯಾವುದು ಹೇಗೆ ಅಂತ ಹೇಳುವವರು ಯಾರು? ಇಲ್ಲಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವರ ಸರದಿ, ಅವರು ತೆಗೆದದ್ದು ಬ್ರಹ್ಮಾಸ್ತ್ರ. "ಕೊನೇ ಊಟದಲ್ಲಿ ರೊಟ್ಟಿ ಹಿಡ್ಕೊಂಡು ಇದು ನನ್ನ ಶರೀರ ಅಂತ ಯೇಸು ಹೇಳಿದ್ದನ್ನು ನೀವು ಹೇಗೆ ಓದ್ತೀರಿ ಭಾವ?" ಅಕ್ಷರಶಃ. ರೊಟ್ಟಿ ನಿಜವಾಗಿ ಶರೀರವೇ ಆಗ್ತದೆ, ಉಪಮೆ ಅಲ್ಲ, ಬರೀ ನೆನಪಿಗೂ ಅಲ್ಲ, ನಾವು ಅದ್ರಲ್ಲಿ ಒಂದಿಂಚು ಹಿಂದೆ ಹೋಗುವುದಿಲ್ಲ. ಆರು ದಿನವನ್ನು ಅಕ್ಷರಶಃ ಓದುವ ಭಾವ ಇಲ್ಲಿ ಬಂದ ಕೂಡ್ಲೆ ಅದು ಸಂಕೇತ ಅಂತಾರೆ. ಇಬ್ಬರೂ ಸ್ಥಾನ ಬದಲಿಸಿ ಕೂತ ಹಾಗಾಯ್ತು. ಇದು ನಮ್ಮಿಬ್ಬರ ಮನೆ ಜಗಳ ಮಾತ್ರ ಅಲ್ಲ, 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಅದು ಸಂಕೇತ ಅನ್ನುವ ಸ್ವಿಸ್ ಸುಧಾರಕ ಜ್ವಿಂಗ್ಲಿ ಎದುರೆದುರು ಕೂತು ಇದೇ ಮಾತಿಗೆ ಮುರ್ಕೊಂಡದ್ದು, ಲೂಥರ್ ಮೇಜಿನ ಮೇಲೆ ಚಾಕ್‌ಪೀಸಲ್ಲಿ ಆ ವಾಕ್ಯ ಬರೆದಿಟ್ಟು ಅಲ್ಲಾಡಲಿಲ್ಲವಂತೆ. ಅಂದ್ರೆ ಇದ್ರಲ್ಲಿ ಲೂಥರ್ ಭಾವನಿಗಿಂತ ನನಗೇ ಹತ್ರ, ಇದನ್ನು ಹೇಳಿದ್ದಕ್ಕೆ ಭಾವ ಚಾ ಕುಡಿಸುವುದಿಲ್ಲ ಅಂದ್ರು.

ಯೇಸುವಿನ ತಮ್ಮಂದಿರ ವಿಷಯವೂ ಬಂತು. ಮತ್ತಾಯ 13ರಲ್ಲಿ ಯಾಕೋಬ, ಯೋಸೇಫ, ಸಿಮೋನ, ಯೂದ ಅಂತ ಹೆಸರು ಸಮೇತ ತಮ್ಮಂದಿರು ಉಂಟು, ಭಾವ ಬರೆದ ಹಾಗೇ ಓದ್ತಾರೆ, ನಾವು ಮರಿಯಮ್ಮ ನಿತ್ಯಕನ್ಯೆ ಅನ್ನುವವರು ಅವರನ್ನು ಸಂಬಂಧಿಕರ ಮಕ್ಕಳು ಅಂತ ಓದ್ತೇವೆ. ಕನ್ನಡದವರಿಗೆ ಇದು ಅರ್ಥ ಆಗುವಷ್ಟು ಇಂಗ್ಲಿಷಿನವರಿಗೆ ಆಗ್ಲಿಕ್ಕಿಲ್ಲ, ದೊಡ್ಡಪ್ಪನ ಮಗನನ್ನು ನಾನು ಹುಟ್ಟಿದಾಗಿಂದ ಅಣ್ಣ ಅಂತಲೇ ಕರೆದದ್ದು, ಯಾರೂ ಬರ್ತ್ ಸರ್ಟಿಫಿಕೇಟ್ ಕೇಳಲಿಲ್ಲ. ನನಗೆ ಇದು ಬಹಳ ಗಟ್ಟಿ ವಾದ ಅಂತ ಇತ್ತು. ಭಾವ ಒಂದೇ ಮಾತಲ್ಲಿ ಸಡಿಲ ಮಾಡಿದ್ರು, ಸುವಾರ್ತೆ ಬರೆದದ್ದು ಗ್ರೀಕಿನಲ್ಲಿ, ಗ್ರೀಕಿನಲ್ಲಿ ಕಸಿನ್‌ಗೆ ಬೇರೆ ಶಬ್ದ ಉಂಟು, ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಮಾರ್ಕ ಬಾರ್ನಬನಿಗೆ ಏನಾಗ್ಬೇಕು ಅಂತ ಹೇಳುವಾಗ ಅದೇ ಶಬ್ದ ಹಾಕಿದ್ದಾರೆ ಅಂತ. ಅದಕ್ಕೆ ನಮ್ಮವರ ಹತ್ರವೂ ಉತ್ತರ ಉಂಟು, ಆದ್ರೆ ಅವತ್ತು ನನಗೆ ನೆನಪಾಗಲಿಲ್ಲ.

ಲೆಜ್ಜರ್ ತಗೊಂಡು ಹೋಗ್ಲಿಕ್ಕೆ ಬಂದ ಒಬ್ಬರು ಭಟ್ರು ಇದನ್ನೆಲ್ಲ ಕೇಳ್ತಾ ಕೂತಿದ್ರು, ಕುಂಬಳೆ ಕಡೆಯವರು, ತಾಳಮದ್ದಳೆಯ ಮರ್ಲು. ಅವರು ಹೇಳಿದ್ರು, ನಮ್ಮ ಪಾರ್ತಿಸುಬ್ಬನ ಯಕ್ಷಗಾನ ಪದ್ಯ ಉಂಟಲ್ಲ, ಅದ್ರಲ್ಲಿ ಒಂದಕ್ಷರ ಬದಲಿಸುವ ಹಾಗಿಲ್ಲ, ಆದ್ರೆ ಪದ್ಯ ಮುಗಿದ ಮೇಲೆ ಅರ್ಥ ಹೇಳುವವ ಬೇಕು, ಬರೀ ಪದ್ಯಕ್ಕೆ ಜನ ಕೂರುವುದಿಲ್ಲ. ನಾನು ಎದ್ದು ಕೈ ಕೊಡುವುದೊಂದು ಬಾಕಿ, ಇದೇ ಅಲ್ವಾ ನಮ್ಮವರು ಪರಂಪರೆ ಅನ್ನುವುದು. ಭಾವ ಕೇಳಿದ್ರು, "ಅರ್ಥಧಾರಿ ಪದ್ಯದಲ್ಲಿ ಇಲ್ಲದ್ದನ್ನೆಲ್ಲ ಹೇಳ್ಲಿಕ್ಕೆ ಹೊರಟ್ರೆ ಭಟ್ರೆ?" ಭಟ್ರು ಅಂದ್ರು, "ಭಾಗವತ ಜಾಗಟೆ ಬಾರಿಸಿ ನಿಲ್ಲಿಸ್ಬೇಕು." ಆ ಭಾಗವತ ಯಾರು ಅಂತ ನಾವಿಬ್ಬರೂ ಒಂದೇ ಸಲ ಬಾಯಿ ತೆರೆದೆವು, ನನ್ನದು ರೋಮು, ಅವರದ್ದು ವೇದ. ಭಟ್ರು ಲೆಜ್ಜರ್ ಎತ್ಕೊಂಡು ಬಸ್ಸಿಗೆ ಹೊತ್ತಾಯ್ತು ಅಂತ ಇಳಿದು ಹೋದ್ರು.

ಹೋಗುವವರಿಗೆ ನಾಲ್ಕು ಮಾತು. ಶುಕ್ರವಾರ ಮಧ್ಯಾಹ್ನ ಅಂಗಡಿ ಇರುವುದಿಲ್ಲ. ಚಿನ್ನದ ಅಕ್ಷರ ಬೇಕಾದ್ರೆ ಬೇರೆ 100 ರೂಪಾಯಿ, ಕನ್ನಡದ ಒತ್ತಕ್ಷರ ಅಷ್ಟು ಚಂದ ಬರುವುದಿಲ್ಲ, ಅಪ್ಪನ ಪುಸ್ತಕದ ಪವಿತ್ರದಲ್ಲಿ ರ ಎಲ್ಲಿಗೋ ಹೋಗಿದೆ. ರಿಬ್ಬನ್ ನೀವೇ ತಗೊಂಡು ಹೋಗಿ, ಅವರ ಹತ್ರ ಇರುವುದು ಬರೀ ಹಸಿರು. ಜಿಪೇ ಇಲ್ಲ. ತಪ್ಪಾದದ್ದನ್ನು ಅಲ್ಲೇ ಕೂತು ಬಿಚ್ಚಿ ಹೊಲಿದು ಕೊಟ್ರು, ಒಂದು ಪೈಸೆ ತಗೊಳ್ಳಲಿಲ್ಲ, ಭಾವ ಒತ್ತಾಯ ಮಾಡಿ ಕೊಟ್ಟ ಐವತ್ತನ್ನೂ ವಾಪಸ್ ಕೊಟ್ರು, ಹಾಗಾಗಿ ಕಟ್ ಮಾಡಿದ ಸ್ಟಾರಲ್ಲಿ ಅರ್ಧ ವಾಪಸ್ ಕೊಡ್ಬೇಕು ಅಂತ ಅಕ್ಕ ಹೇಳ್ತಾಳೆ, ಇಲ್ಲಿ ಅರ್ಧ ಸ್ಟಾರ್ ಹಾಕ್ಲಿಕ್ಕೆ ಆಗುವುದಿಲ್ಲ. ಮುಂದಿನ ವಾರ ಅಮ್ಮನ ಕೊಂಕಣಿ ಪ್ರಾರ್ಥನೆ ಪುಸ್ತಕ ಕೊಡ್ಲಿಕ್ಕುಂಟು, ಅದ್ರಲ್ಲಿ ಅರ್ಧ ಪುಟಕ್ಕೆ ಸಂಖ್ಯೆಯೇ ಹರಿದು ಹೋಗಿದೆ, ಕಾಕ ಮೊದಲೇ ಹೇಳಿ ಕಳಿಸಿದ್ದಾರೆ, ನೀವೂ ನಿಮ್ಮ ಭಾವನೂ ಮನೆಯಲ್ಲೇ ಕೂತು ಜಗಳ ಮಾಡಿ ಪೆನ್ಸಿಲಲ್ಲಿ ನಂಬರ್ ಹಾಕಿಯೇ ತನ್ನಿ ಅಂತ.